ಚುಚ್ಚುಹಾಳೆಯ ಚುಕ್ಕಿಗಳನ್ನು ಅಳಿಸಿದವರು

ಮೈಸೂರಿನ ಚಿತ್ರಕಲೆಯನ್ನು ಜಗತ್ತಿಗೆ ತೋರಿಸುತ್ತೇವೆಂದು ಹೊರಟ ಒಂದು ಸರ್ಕಾರಿ ಅನುದಾನಿತ ಸಮಿತಿ, ದಿವಂಗತ ಚಿತ್ರಕಾರರೊಬ್ಬರು ಬೇಡವೆಂದು ಬಿಟ್ಟಿದ್ದ ಗೆರೆಗಳನ್ನು ಅವರ ಹೆಸರಿನಲ್ಲೇ ಅಂತರ್ಜಾಲದಲ್ಲಿ ಪ್ರಕಟಿಸಿದೆ. ಅವರು ಒಪ್ಪಿದ್ದ ಗೆರೆಗಳನ್ನು ತನ್ನ ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ತಪ್ಪು ಯಾವುದು, ಎಲ್ಲಾಯಿತು, ಹೇಗೆ ಸರಿಯಾಗುತ್ತದೆ ಎಂಬ ಮೂರೂ ಆ ಸಮಿತಿಗೆ ಗೊತ್ತು. ಗೊತ್ತಿದ್ದೂ ಸುಮ್ಮನಿದೆ. ಆದ್ದರಿಂದ ಇದನ್ನು ಅಜ್ಞಾನವೆಂದು ಕರೆಯಲು ನಾನು ಸಿದ್ಧಳಿಲ್ಲ.

ಆ ಸಮಿತಿಯಲ್ಲಿ ನಾನು ಗುತ್ತಿಗೆಯ ಮೇಲೆ ಮಾಹಿತಿ ಸಂಗ್ರಾಹಕಿಯಾಗಿದ್ದೆ. ಕಲಾ ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಆಗಷ್ಟೇ ವಿಶ್ವವಿದ್ಯಾನಿಲಯದಿಂದ ಹೊರಬಂದಿದ್ದೆ. ಹೊಸ ಸಹಸ್ರಮಾನದ ಮೊದಲ ವರ್ಷಗಳು. ನಗರದ ದೃಶ್ಯಕಲಾ ಸಂಸ್ಥೆಗಳು ಎಲ್ಲಿವೆ, ಯಾವ ಸಂಗ್ರಹವನ್ನು ಯಾರನ್ನು ಕೇಳಿ ನೋಡಬಹುದು, ಕಲಿಯಬೇಕೆನ್ನುವವರು ಯಾರ ಮನೆಯ ಬಾಗಿಲು ತಟ್ಟಬೇಕು ಎಂಬುದನ್ನೆಲ್ಲ ಒಂದೇ ಜಾಲತಾಣದಲ್ಲಿ ಸೇರಿಸುವುದು ಯೋಜನೆ. ಇಂದಿಗೂ ಅದು ಒಳ್ಳೆಯ ಯೋಜನೆಯೆಂದೇ ನಾನು ನಂಬಿದ್ದೇನೆ. ನನ್ನ ವಿಷಾದಕ್ಕೆ ಅದೂ ಒಂದು ಕಾರಣ.

ಕೆಲಸ ಆರಂಭಿಸುವ ಮೊದಲು, ಈ ಊರನ್ನೇ ಕಾಣದವನೊಬ್ಬ ನಮ್ಮ ಕಲೆಯನ್ನು ಹುಡುಕಿದರೆ ಅವನಿಗೇನು ಸಿಗುತ್ತದೆಂದು ಪರೀಕ್ಷಿಸಲು ಕುವೆಂಪುನಗರದ ಒಂದು ಸೈಬರ್ ಕೆಫೆಯಲ್ಲಿ ಕುಳಿತೆ. ಮೋಡೆಮ್ ಕಿರುಚಿ ಕಿರುಚಿ ಸಂಪರ್ಕ ಹಿಡಿಯುತ್ತಿತ್ತು. ಮೈಸೂರು ಚಿತ್ರಕಲೆ ಎಂಬುದನ್ನು ಇಂಗ್ಲಿಷಿನಲ್ಲಿ ಸಾಧ್ಯವಿರುವ ಎಲ್ಲ ಕಾಗುಣಿತಗಳಲ್ಲೂ ಹೊಡೆದು ನೋಡಿದೆ. ರೇಷ್ಮೆ ಸೀರೆಯ ಅಂಗಡಿಗಳು ಬಂದವು, ಊದುಬತ್ತಿಯವರು ಬಂದರು, ಒಂದು ಹೋಟೆಲಿನ ಸ್ವಾಗತ ಕೊಠಡಿ ಬಂದಿತು. ಪರದೇಶದ ಸಂಗ್ರಹಾಲಯವೊಂದರ ಪುಟದಲ್ಲಿ ನಮ್ಮ ಶೈಲಿಯ ಒಂದು ಸರಸ್ವತಿಯಿದ್ದಳು. ಕೆಳಗೆ 'ಚಿತ್ರಕಾರ ಅಜ್ಞಾತ' ಎಂಬ ಒಕ್ಕಣೆಯಿತ್ತು. ಭರವಸೆ ಹುಟ್ಟಿಸುವ ಶೀರ್ಷಿಕೆಯಿದ್ದ ಒಂದೇ ಒಂದು ಕೊಂಡಿಯನ್ನು ಒತ್ತಿದರೆ, ಪುಟ ಲಭ್ಯವಿಲ್ಲವೆಂಬ ಉತ್ತರ ಬಂತು. ಬದುಕಿರುವ ಒಬ್ಬ ಕಲಾವಿದರ ವಿಳಾಸವೂ ಸಿಗಲಿಲ್ಲ.

ಹೀಗಾಗಿ ನಾನು ಪಟ್ಟಿಯ ವಿನ್ಯಾಸವನ್ನು ಹುಡುಕುವವರ ಕಡೆಯಿಂದ ಮಾಡಿದೆ. ಕಲಾ ಶಾಲೆಗಳು, ಪ್ರದರ್ಶನ ಸಭಾಂಗಣಗಳು, ಕಲಾವಿದರ ಕೂಟಗಳು, ಕೆತ್ತನೆಯ ಕಾರ್ಯಾಗಾರಗಳು, ಚಿತ್ರಕಲೆಯ ಪುಸ್ತಕಗಳಿರುವ ಗ್ರಂಥಾಲಯಗಳು, ಖಾಸಗಿ ಸಂಗ್ರಹಗಳು. ಪ್ರತಿಯೊಂದರ ಕೆಳಗೆ ಅಲ್ಲಿ ಏನನ್ನು ನೋಡಬಹುದು, ಏನನ್ನು ಕಲಿಯಬಹುದು, ಯಾವಾಗ ಬಾಗಿಲು ತೆರೆದಿರುತ್ತದೆ ಎಂಬ ವಿವರ. ಸಮಿತಿಯ ಸದಸ್ಯ ಕಾರ್ಯದರ್ಶಿಗಳು ಇದನ್ನು ಒಪ್ಪಿದರು; ಒಂದು ಅಂಶವನ್ನು ತಾವೇ ಸೇರಿಸಿದರು. ಇ-ಮೇಲ್ ವಿಳಾಸ ಕಡ್ಡಾಯ.

"ಸಾರ್, ಇವರಲ್ಲಿ ಮುಕ್ಕಾಲು ಪಾಲು ಜನರ ಮನೆಯಲ್ಲಿ ಫೋನೇ ಇಲ್ಲ," ಎಂದೆ.

"ಇ-ಮೇಲ್ ಇಲ್ಲದ್ದು ಸಂಸ್ಥೇನೇ ಅಲ್ಲ ಕಣಮ್ಮ. ಆನ್‌ಲೈನ್ ಅಂದ್ಮೇಲೆ ಆನ್‌ಲೈನ್ ಇರ್ಬೇಕು. ನೀನೇ ಒಂದೊಂದು ಮಾಡ್ಕೊಡು."

ಮಾಡಿಕೊಟ್ಟೆ. ಬೀಟೆ ಮರದಲ್ಲಿ ಕುಸುರಿ ಕೂರಿಸುವವರಿಗೆ, ನಾಟಕದ ಪರದೆ ಬರೆಯುವವರಿಗೆ, ಮನೆಯ ನಡುಮನೆಯನ್ನೇ ಶಾಲೆ ಮಾಡಿಕೊಂಡವರಿಗೆ ಸೈಬರ್ ಕೆಫೆಯಲ್ಲಿ ಕುಳಿತು ಉಚಿತ ಖಾತೆಗಳನ್ನು ತೆರೆದೆ.

ಬನ್ನಿಮಂಟಪದ ಒಂದು ಮನೆಯಲ್ಲಿ ಸಾಂಪ್ರದಾಯಿಕ ಚಿತ್ರಕಲೆ ಕಲಿಸುವ ಹಿರಿಯ ಕಲಾವಿದೆಯೊಬ್ಬರಿದ್ದರು. ಸುತ್ತಲಿನ ಬೀದಿಗಳ ಹೆಣ್ಣುಮಕ್ಕಳು ಮಧ್ಯಾಹ್ನದ ಊಟ ಮುಗಿಸಿ ಅಲ್ಲಿ ಸೇರುತ್ತಿದ್ದರು. ಕಲಾವಿದೆಯ ತಂದೆ ಮಠವೊಂದಕ್ಕೆ ಚಿತ್ರ ಬರೆದುಕೊಡುತ್ತಿದ್ದವರು. ಮಗಳ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ನಾಲಿಗೆಯ ಮೇಲೆ ಯಾರಿಗೂ ರಿಯಾಯಿತಿ ಇಲ್ಲದ ಮಾತು. ಇ-ಮೇಲಿನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೊಟ್ಟಾಗ ಅವರು ಕೇಳಿದ್ದು ಹೀಗೆ:

"ಇದೇನು, ಬೀಗದ ಕೈಯಾ?"

"ಹೌದಮ್ಮ, ಹಾಗೇ."

"ಮತ್ತೆ ನಿನ್ನತ್ರಾನೂ ಒಂದದೆ ಅಂದೆ. ನಮ್ಮನೆ ಬೀಗದ ಕೈ ಊರೋರತ್ರ ಎಲ್ಲಾ ಇದ್ರೆ ಬೀಗ ಯಾಕ್ ಹಾಕ್ಬೇಕು? ಹೋಗ್ಲಿ ಬುಡು. ಯಾರಾದ್ರೂ ಕಲೀತೀನಿ ಅಂತ ಬರೆದ್ರೆ ಬಂದು ಹೇಳು. ಬೇರೆ ಏನು ಬರೆದ್ರೂ ನಂಗೆ ಬೇಡ."

ಅವರಿಗೆ ಬೇಕಾಗಿದ್ದುದು ಅಷ್ಟೇ. ಮದುವೆಯಾಗಿ ಹೋಗುವ ಹುಡುಗಿಯರು ನಡುವೆಯೇ ಕಲಿಕೆ ಬಿಡುತ್ತಿದ್ದರು. ಕೊನೆಯವರೆಗೂ ಕಲಿಯುವ ಒಬ್ಬರಾದರೂ ಸಿಗಬೇಕು, ತಂದೆಯ ಹಾಳೆಗಳನ್ನು ಅವರ ಕೈಗೆ ಕೊಡಬೇಕು.

ಆ ಹಾಳೆಗಳ ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು. ಇಲ್ಲವಾದರೆ ಮುಂದಿನ ನಷ್ಟ ಅರ್ಥವಾಗದು. ಅವರ ಮನೆಯಲ್ಲಿ ಅವುಗಳನ್ನು ಚುಚ್ಚುಹಾಳೆ ಎನ್ನುತ್ತಾರೆ. ಎಣ್ಣೆ ಸವರಿದ ತೆಳು ಕಾಗದದ ಮೇಲೆ ಮೂರ್ತಿಯನ್ನು ಗೆರೆಗಳಲ್ಲಿ ಬರೆದು, ಆಮೇಲೆ ಸೂಜಿಯಿಂದ ಒತ್ತೊತ್ತಾಗಿ ತೂತು ಮಾಡುತ್ತಾರೆ. ಆ ಹಾಳೆಯನ್ನು ಸಿದ್ಧಪಡಿಸಿದ ಹಲಗೆಯ ಮೇಲಿಟ್ಟು, ಇದ್ದಿಲ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ತಟ್ಟಿದರೆ, ಪುಡಿ ತೂತುಗಳ ಮೂಲಕ ಇಳಿದು ಹಲಗೆಯ ಮೇಲೆ ಚುಕ್ಕಿಗಳಾಗುತ್ತದೆ. ಚುಕ್ಕಿ ಸೇರಿಸಿದರೆ ಮೂರ್ತಿ. ಒಂದು ಹಾಳೆಯಿಂದ ಎಷ್ಟು ಚಿತ್ರಗಳನ್ನಾದರೂ ಇಳಿಸಬಹುದು.

ಆದರೆ ಈ ತಂದೆಗೆ ಒಂದು ವಿಶೇಷ ಅಭ್ಯಾಸವಿತ್ತು. ಬರೆದ ಗೆರೆಯನ್ನು ಅವರು ಎಂದೂ ಅಳಿಸುತ್ತಿರಲಿಲ್ಲ. ಮತ್ತೊಮ್ಮೆ ಯೋಚಿಸಿದಾಗ ಗೆರೆ ಸರಿಯಿಲ್ಲವೆನಿಸಿದರೆ, ಗೆರೆಯನ್ನು ಹಾಗೇ ಬಿಟ್ಟು ಅದರ ಪಕ್ಕದಲ್ಲಿ, ತಮಗೆ ಸರಿಯೆನಿಸಿದ ಜಾಗದಲ್ಲಿ ಚುಚ್ಚುತ್ತಿದ್ದರು.

"ಅಪ್ಪ ಗೆರೆ ಎಳೀವಾಗ ಯೋಚ್ನೆ ಮಾಡ್ತಿದ್ರು. ಸೂಜಿ ಹಿಡಿದಾಗ ತೀರ್ಮಾನ ಮಾಡ್ತಿದ್ರು," ಎಂದು ಅವರು ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ರಾಜರಾಜೇಶ್ವರಿಯ ಹಸ್ತದ ಗೆರೆ ಒಂದು ಕಡೆ ಹೋಗಿತ್ತು, ಬೆಳಕಿನ ಚುಕ್ಕಿಗಳ ಸಾಲು ಅದನ್ನು ಬಿಟ್ಟು ಮೃದುವಾಗಿ ಒಳಕ್ಕೆ ಬಾಗಿತ್ತು. ಕಣ್ಣಿಗೆ ಕಾಣುವ ಚಿತ್ರ ಬೇರೆ, ಹಲಗೆಗೆ ಇಳಿಯುವ ಚಿತ್ರ ಬೇರೆ.

ಈ ಹಾಳೆಗಳು ಜಾಲತಾಣದ ಆಕರ ವಿಭಾಗಕ್ಕೆ ಭೂಷಣವೆಂದು ಸದಸ್ಯ ಕಾರ್ಯದರ್ಶಿಗಳಿಗೆ ಅನ್ನಿಸಿತು. ನನಗೂ ಅನ್ನಿಸಿತು. ಕಲಾವಿದೆ ಸುಲಭವಾಗಿ ಒಪ್ಪಲಿಲ್ಲ. ಕೊನೆಗೆ ಮಡಿಸಬಾರದು, ಬಿಸಿಲಿಗೆ ಇಡಬಾರದು, ಕೆಲಸ ಮುಗಿದೊಡನೆ ಮರಳಿಸಬೇಕು ಎಂಬ ಷರತ್ತು ಹಾಕಿ ಕೊಟ್ಟರು. ಸಮಿತಿ ಲಿಖಿತವಾಗಿ ಒಪ್ಪಿತು.

ಸ್ಕ್ಯಾನಿಂಗ್ ಕಚೇರಿಯಲ್ಲೇ ನಡೆಯಿತು. ಯಂತ್ರ ಚಿಕ್ಕದು, ಹಾಳೆ ದೊಡ್ಡದು. ಪ್ರತಿ ಹಾಳೆಯನ್ನೂ ಭಾಗಭಾಗವಾಗಿ, ಅಂಚುಗಳು ಒಂದರ ಮೇಲೊಂದು ಬರುವಂತೆ ಇಟ್ಟು ತೆಗೆಯಬೇಕಾಗಿತ್ತು. ಮೊದಲ ಪ್ರಯತ್ನದಲ್ಲಿ ಯಂತ್ರದ ಬಿಳಿ ಮುಚ್ಚಳ ಹಿಂದೆ ಬಂದು ತೂತುಗಳು ಕಾಣದಾದವು. ಹಾಳೆಯ ಹಿಂದೆ ಕಪ್ಪು ಡ್ರಾಯಿಂಗ್ ಶೀಟ್ ಇಟ್ಟು ಮತ್ತೆ ತೆಗೆದೆ. ಆಗ ಪ್ರತಿಯೊಂದು ತೂತೂ ಸ್ಪಷ್ಟವಾದ ಕರಿ ಚುಕ್ಕಿಯಾಗಿ ಮೂಡಿತು. ನನ್ನ ಆ ಕೆಲಸದ ಅವಧಿಯಲ್ಲಿ ಅಷ್ಟು ಸಂತೋಷಪಟ್ಟ ಇನ್ನೊಂದು ಗಳಿಗೆ ನೆನಪಿಲ್ಲ. ಎಲ್ಲವನ್ನೂ ಸಿ.ಡಿ.ಗಳಿಗೆ ಬರೆದು, ಮೇಲೆ ಹೆಸರು ಬರೆದು, ಕಚೇರಿಗೆ ಒಪ್ಪಿಸಿದೆ. ಜಾಲತಾಣ ಕಟ್ಟುವ ಖಾಸಗಿ ಕಂಪನಿಗೆ ಅವು ಹೋಗಿ ಬಂದವು.

ನಾನು ಉಳಿದ ವಿಳಾಸಗಳ ಹಿಂದೆ ಊರೆಲ್ಲ ಅಲೆಯುತ್ತಿದ್ದೆ. ಹಾಳೆಗಳನ್ನು ಅಂದೇ ಮರಳಿಸಲು ಅನುಮತಿ ಸಿಗಲಿಲ್ಲ. ದಾಸ್ತಾನಿಗೆ ಸೇರಿದ ವಸ್ತು ಹೊರಹೋಗಲು ಸಹಿ ಬೇಕು, ಸಹಿ ಹಾಕುವವರು ಬೆಂಗಳೂರಿನ ಸಭೆಯಲ್ಲಿದ್ದಾರೆ ಎಂದರು. ಮಳೆಗಾಲ. ಕಚೇರಿಯ ಆ ಕೋಣೆಯ ಗೋಡೆ ಒದ್ದೆಯಾಗುತ್ತಿತ್ತು. ಕೊನೆಗೆ ಸಹಿಯಾಗಿದೆಯೆಂದು ತಿಳಿದು ಹೋದಾಗ ಕಚೇರಿಯ ಅಧೀಕ್ಷಕರು ಎದ್ದು ನಿಂತು, ಎರಡೂ ಕೈಯಲ್ಲಿ ಹಾಳೆಗಳನ್ನು ಎತ್ತಿ ತೋರಿಸಿದರು. ಹಾಳೆಗಳು ಬಗ್ಗಲಿಲ್ಲ. ಟ್ಯೂಬ್‌ಲೈಟಿನ ಬೆಳಕು ಅವುಗಳ ಮೇಲೆ ಜಾರಿತು.

ಲ್ಯಾಮಿನೇಷನ್ ಮಾಡಿಸಿದ್ದರು.

"ನೋಡಿ ಮೇಡಂ, ಇನ್ನು ನೂರು ವರ್ಸ ಏನೂ ಆಗಲ್ಲ. ಗೆದ್ದಲು ಬರಲ್ಲ, ನೀರು ಬಿದ್ರೂ ಒರೆಸ್ಬುಟ್ರೆ ಆಯ್ತು. ನಾನೇ ಅಂಗಡೀಲಿ ಎದುರಿಗೆ ನಿಂತು ಮಾಡ್ಸಿದೀನಿ ಕಣ್ರೀ."

"ಯಾರು ಹೇಳಿದ್ದು ಸಾರ್?"

"ಸೆಕ್ರೆಟ್ರಿ ಸಾಹೇಬ್ರನ್ನ ಕೇಳ್ದೆ, ಭೇಷಾಯ್ತು ಮಾಡ್ಸಿ ಅಂದ್ರು. ಯಾಕೆ? ನನ್ ಮಗಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡೂ ಅಂಗೇ ಮಾಡ್ಸಿದೀನಿ. ಯಾಕ್ ಮೇಡಂ, ಮುಖ ಇಂಗ್ ಮಾಡ್ಕೊಂಡ್ರಿ?"

ಆ ಮನುಷ್ಯನ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ. ನಮ್ಮ ಊರಿನಲ್ಲಿ ಆ ಕಾಲದಲ್ಲಿ ಬೆಲೆಬಾಳುವ ಕಾಗದವೆಂದರೆ ಪ್ಲಾಸ್ಟಿಕ್ಕಿನೊಳಗೆ ಸೇರಲೇಬೇಕೆಂಬ ನಂಬಿಕೆ ಎಲ್ಲರ ಮನೆಯಲ್ಲೂ ಇತ್ತು. ಕೇಳಿದವರಿಗೆ 'ಭೇಷಾಯ್ತು' ಎಂದವರ ಮೇಲೆ ನನ್ನ ಸಿಟ್ಟು. ಷರತ್ತಿನ ಕಾಗದಕ್ಕೆ ಸಹಿ ಹಾಕಿದ್ದವರು ಅವರೇ.

ಹಾಳೆಗಳನ್ನು ಬನ್ನಿಮಂಟಪಕ್ಕೆ ತಲುಪಿಸಿದಾಗ ಕಲಾವಿದೆ ಅಳಲಿಲ್ಲ, ಕೂಗಾಡಲಿಲ್ಲ. ಒಂದನ್ನು ಕಿಟಕಿಗೆ ಹಿಡಿದರು. ಬಿಸಿಗೆ ಅಂಟು ಕರಗಿ, ಎಣ್ಣೆ ಕಾಗದವೆಲ್ಲ ಒಂದೇ ಸಮ ಮಬ್ಬಾಗಿ ಹೊಳೆಯುತ್ತಿತ್ತು. ಬೆಳಕಿನ ಚುಕ್ಕಿ ಎಲ್ಲೋ ಒಂದೆರಡು ಕಡೆ ಬಿಟ್ಟರೆ ಕಾಣಲಿಲ್ಲ. ಅವರು ಹಾಳೆಯನ್ನು ಹಲಗೆಯ ಮೇಲಿಟ್ಟು, ಇದ್ದಿಲ ಗಂಟು ತೆಗೆದುಕೊಂಡು, ಪ್ರತಿದಿನ ಮಾಡುವಂತೆಯೇ ತಟ್ಟಿದರು. ಪುಡಿ ಪ್ಲಾಸ್ಟಿಕ್ಕಿನ ಮೇಲೆ ನಿಂತಿತು. ಸೆರಗಿನಿಂದ ಒರೆಸಿದರು. ಹಲಗೆ ಹಾಗೇ ಬೆಳ್ಳಗಿತ್ತು.

"ಉಸಿರು ಕಟ್ಟಿಸ್ಬುಟ್ಟವ್ರೆ ಕಣಮ್ಮ," ಎಂದರು.

ವಿಶ್ವವಿದ್ಯಾನಿಲಯದಲ್ಲಿ ಪರಿಚಯವಿದ್ದ ರಸಾಯನಶಾಸ್ತ್ರದ ಅಧ್ಯಾಪಕರನ್ನು ಕೇಳಿದೆ. ಬಿಡಿಸುವ ಖಾತರಿ ಕೊಡಲಾರೆ, ಪ್ರಯತ್ನಿಸುವುದಾದರೆ ಮೂಲೆಯಲ್ಲಿ ಮಾತ್ರ ನೋಡಿ ಎಂದರು. ಎಲ್ಲಕ್ಕಿಂತ ಚಿಕ್ಕ ಹಾಳೆಯ ಮೂಲೆಯನ್ನು ಬಿಡಿಸಲು ನೋಡಿದೆವು. ಕಾಗದದ ಮೇಲ್ಪದರ ಶಾಯಿಯ ಸಮೇತ ಪ್ಲಾಸ್ಟಿಕ್ಕಿಗೆ ಅಂಟಿಕೊಂಡೇ ಎದ್ದು ಬಂತು. "ಸಾಕು," ಎಂದು ಕಲಾವಿದೆ ನನ್ನ ಕೈ ಹಿಡಿದು ನಿಲ್ಲಿಸಿದರು. "ಕಂಪ್ಯೂಟ್ರಲ್ಲಿ ಅದೆ ಅಂದ್ಯಲ್ಲ. ಅದಾದ್ರೂ ಇರ್ತದಲ್ಲ?"

ಇರುತ್ತದೆ ಎಂದೆ.

ಜಾಲತಾಣದ ಉದ್ಘಾಟನೆಗೆ ದಿನ ಗೊತ್ತಾಗಿತ್ತು. ಕಂಪನಿಯವರು ಸಿದ್ಧಪಡಿಸಿದ ಚಿತ್ರಗಳನ್ನು ಪ್ರಕಟಣೆಗೆ ಮೊದಲು ಪೂರ್ಣ ಗಾತ್ರದಲ್ಲಿ ನೋಡಬೇಕೆಂದು ನಾನು ಲಿಖಿತವಾಗಿ ಕೇಳಿದೆ. ಸದಸ್ಯ ಕಾರ್ಯದರ್ಶಿಗಳು ನಕ್ಕರು: "ಚಿತ್ರದಲ್ಲಿ ಎಂಥ ಪ್ರೂಫು? ಅಕ್ಷರ ತಪ್ಪಿದ್ರೆ ನೋಡು ಸಾಕು." ಅಕ್ಷರಗಳನ್ನು ನೋಡಿದೆ. ಆಮೇಲೆ ಸೈಬರ್ ಕೆಫೆಯ ಪರದೆಯ ಮೇಲೆ, ಮೇಲಿನಿಂದ ಕೆಳಕ್ಕೆ ಪಟ್ಟಿಪಟ್ಟಿಯಾಗಿ ಇಳಿದ ಅಂಗೈಯಗಲದ ಚಿತ್ರದಲ್ಲಿ ಚುಕ್ಕಿಗಳು ಕಾಣದಿದ್ದಾಗ, ಗಾತ್ರ ಚಿಕ್ಕದಾದ್ದರಿಂದ ಹಾಗಿದೆಯೆಂದುಕೊಂಡೆ.

ಪಟ್ಟಿ ಕೆಲಸ ಮಾಡಿತು. ಇದನ್ನು ನಾನು ಒತ್ತಿ ಹೇಳಬೇಕು. ಇಲವಾಲದ ಕಡೆಯ ಶಾಲೆಯೊಂದರ ಚಿತ್ರಕಲಾ ಶಿಕ್ಷಕರು ಸಾಂಪ್ರದಾಯಿಕ ಶೈಲಿ ಕಲಿಸುವವರನ್ನು ಅಂತರ್ಜಾಲದಲ್ಲಿ ಹುಡುಕಿ, ನಮ್ಮ ಪುಟ ಕಂಡು, ಕಲಾವಿದೆಗೆ ಇ-ಮೇಲ್ ಬರೆದರು. ಅದನ್ನು ಓದಿ ಹೇಳಲು ನಾನು ಓಡಿದೆ. ಆ ಭಾನುವಾರ ಅವರು ಸ್ಕೂಟರಿನಲ್ಲಿ ಬಂದಾಗ ನಾನೂ ಅಲ್ಲಿದ್ದೆ. ಜಾಲತಾಣದಿಂದ ಪೂರ್ಣ ಗಾತ್ರದಲ್ಲಿ ಇಳಿಸಿಕೊಂಡು ಮುದ್ರಿಸಿದ್ದ ದೊಡ್ಡ ಹಾಳೆಯೊಂದನ್ನು ಅವರು ಕೈಚೀಲದಿಂದ ತೆಗೆದು ಬಿಚ್ಚಿದರು. ರಾಜರಾಜೇಶ್ವರಿ.

"ಎಷ್ಟು ದಿನದಿಂದ ಹುಡುಕ್ತಿದ್ದೆ ಅಮ್ಮಾ. ನಿಮ್ ತಂದೆಯೋರದ್ದು ಇದು ಸಿಕ್ತು ನೋಡಿ. ಮಕ್ಕಳ ಕೈಲೂ ಇದನ್ನೇ ಬರೆಸ್ತಿದೀನಿ."

ಕಲಾವಿದೆ ಕನ್ನಡಕ ಹಾಕಿಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟರು.

"ಈ ಕೈ ನೋಡಪ್ಪ. ದೇವಿ ಕೈಯಾ ಇದು? ಬಾವೀಲಿ ನೀರು ಸೇದೋಳ ಕೈ ಇದ್ದಂಗದೆ."

"ನಾನು ಅವ್ರ ಶೈಲೀನೇ ಇಂಗೆ ಅನ್ಕೊಂಡೆ ಅಮ್ಮಾ," ಎಂದು ಶಿಕ್ಷಕರು ಸಂಕೋಚದಿಂದ ಹೇಳಿದರು.

"ಇದು ಅಪ್ಪ ಬೇಡ ಅಂದ ಕೈ. ಚುಕ್ಕಿ ಎಲ್ಲಿ?" ಅವರು ನನ್ನ ಕಡೆ ತಿರುಗಿದರು. "ಚುಕ್ಕಿ ಎಲ್ಲಮ್ಮ?"

ಒಂದು ಚುಕ್ಕಿಯೂ ಇರಲಿಲ್ಲ.

ಮರುದಿನ ಕಂಪನಿಗೆ ಹೋದೆ. ಚಿತ್ರಗಳನ್ನು ಜೋಡಿಸಿದ್ದ ತಂತ್ರಜ್ಞ ಉತ್ಸಾಹದಿಂದ ಮಾತನಾಡಿದ. "ತುಂಬ ಕೊಳೆ ಇತ್ತು ಮೇಡಂ. ಎಲ್ಲಾ ಕಡೆ ಕರಿ ಚುಕ್ಕಿ. ದೂಳು ತೆಗೆಯೋ ಫಿಲ್ಟರ್ ಹಾಕ್ದೆ, ಅದಕ್ಕೂ ಹೋಗ್ದೇ ಇದ್ದಿದ್ದನ್ನ ಕೂತ್ಕೊಂಡು ಕೈಯಲ್ಲೇ ಅಳಿಸ್ದೆ. ಫೈಲ್ ಸೈಜೂ ಇಳೀತು." ಚುಕ್ಕಿಗಳು ಏನೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಸಿ.ಡಿ.ಗಳ ಜೊತೆಗೆ ನಾನು ಬರೆದಿಟ್ಟಿದ್ದ ಸೂಚನೆಗಳನ್ನು ಕಚೇರಿ ಅವನಿಗೆ ಕಳುಹಿಸಿರಲಿಲ್ಲ. ಕೆಲಸ ಮುಗಿದ ಮೇಲೆ ಅವನು ತನ್ನ ಯಂತ್ರದಿಂದ ಮೂಲ ಕಡತಗಳನ್ನು ತೆಗೆದುಹಾಕಿದ್ದ. ಇನ್ನು ಚುಕ್ಕಿಗಳಿದ್ದುದು ಕಚೇರಿಯ ಬೀರುವಿನಲ್ಲಿದ್ದ ಸಿ.ಡಿ.ಗಳಲ್ಲಿ ಮಾತ್ರ. ಅವು ಸಿಕ್ಕಿದರೆ ಚಿತ್ರವನ್ನು ಮೂಲದ ಅಳತೆಯಲ್ಲಿ ಮುದ್ರಿಸಿ, ಹೊಸ ಹಾಳೆಯ ಮೇಲೆ ಚುಕ್ಕಿಯಿಂದ ಚುಕ್ಕಿಗೆ ಮತ್ತೆ ಚುಚ್ಚಬಹುದು. ನಷ್ಟ ತುಂಬುವ ದಾರಿ ಅದೊಂದೇ.

ಪ್ರತಿ ಕೊಡಿ ಎಂದು ಕೇಳಲು ಸದಸ್ಯ ಕಾರ್ಯದರ್ಶಿಗಳ ಬಳಿ ಹೋದೆ.

"ದಾಸ್ತಾನಿಗೆ ಸೇರಿದ್ದಮ್ಮ. ಹೊರಗಿನೋರಿಗೆ ಕೊಡಕ್ಕೆ ಬರಲ್ಲ."

"ಅವರು ಹೊರಗಿನವರೇ ಸಾರ್? ಅವರ ತಂದೆಯ ಹಾಳೆಗಳು."

"ಜಾಲತಾಣದಲ್ಲಿ ಹಾಕಿದೀವಲ್ಲ, ಡೌನ್‌ಲೋಡ್ ಮಾಡ್ಕೊಳ್ಳಿ. ಅದಕ್ಕೇ ತಾನೆ ಮಾಡಿರೋದು?"

"ಅಲ್ಲಿರುವುದು ತಪ್ಪು ಚಿತ್ರ. ಕನಿಷ್ಠ ಆ ಚಿತ್ರಗಳನ್ನಾದರೂ ತೆಗೆಯಿರಿ."

"ತಪ್ಪು ಅಂತ ತೆಗೆದ್ರೆ, ಮೊನ್ನೆ ದೀಪ ಹಚ್ಚಿ ಹೋದೋರಿಗೆ ಏನಂತ ಹೇಳ್ಲಿ? ಲ್ಯಾಮಿನೇಷನ್ ವಿಷ್ಯಾನೂ ಎದ್ದು ಕೂರುತ್ತೆ. ಇದನ್ನೆಲ್ಲ ಕೆದಕ್ಬೇಡ. ಎರಡನೇ ಹಂತ ಬರ್ತಿದೆ, ನಿನ್ನ ಹೆಸ್ರೂ ಇದೆ."

ಅವರ ಕೊನೆಯ ವಾಕ್ಯ ನನ್ನ ತೀರ್ಮಾನವನ್ನು ಸುಲಭಗೊಳಿಸಿತು. ಆದರೆ ತೀರ್ಮಾನ ನನ್ನೊಬ್ಬಳದಾಗಿರಲಿಲ್ಲ. ಪುಟವನ್ನೇ ತೆಗೆದರೆ, ಇಲವಾಲದ ಶಿಕ್ಷಕರಂಥ ಇನ್ನೊಬ್ಬರು ಆ ಮನೆಗೆ ಬರುವ ದಾರಿ ಮುಚ್ಚುತ್ತದೆ. ಕಲಾವಿದೆಯನ್ನು ಕೇಳಿದೆ.

"ನನ್ ವಿಳಾಸ ಇರ್ಲಿ, ಬರೋರು ಬರ್ಲಿ. ಅಪ್ಪನ ಹೆಸ್ರಲ್ಲಿರೋ ಆ ಕೈಗಳನ್ನ ತೆಗೆದ್ಬುಡು," ಎಂದರು.

ಪಟ್ಟಿಯ ಪುಟಗಳನ್ನು ತಿದ್ದುವ ಅಧಿಕಾರ ನನಗೆ ಕೊಟ್ಟಿದ್ದರು. ಆ ಅಧಿಕಾರವನ್ನು ಬಳಸಿ ಚಿತ್ರಗಳನ್ನು ತೆಗೆದೆ, ವಿಳಾಸವನ್ನು ಉಳಿಸಿದೆ, 'ಈ ಚಿತ್ರಗಳು ಮೂಲಕ್ಕೆ ವಿರುದ್ಧವಾಗಿದ್ದುದರಿಂದ ಹಿಂಪಡೆಯಲಾಗಿದೆ' ಎಂದು ಒಂದು ಸಾಲು ಬರೆದೆ. ಮಾಡಿದ್ದನ್ನು ಅದೇ ದಿನ ಕಚೇರಿಗೆ ಲಿಖಿತವಾಗಿ ತಿಳಿಸಿದೆ. ಅವರು ನನ್ನ ಸಾಲನ್ನು ಅಳಿಸಿ, ಚಿತ್ರಗಳನ್ನು ಮತ್ತೆ ಹಾಕಿ, ಪಾಸ್‌ವರ್ಡ್ ಬದಲಾಯಿಸಿ, ನನ್ನ ಗುತ್ತಿಗೆಯನ್ನು ಕೊನೆಗೊಳಿಸಿದರು. ಇಷ್ಟು ಚುರುಕಾಗಿ ಆ ಕಚೇರಿ ಇನ್ನಾವ ಕೆಲಸವನ್ನು ಮಾಡಿದ್ದನ್ನೂ ನಾನು ಕಾಣೆ.

ಕೆಲಸ ಹೋದುದಕ್ಕೆ ನನಗೆ ದುಃಖವಿಲ್ಲ. ಇಡೀ ಜಾಲತಾಣದಲ್ಲಿ ಅತ್ಯಂತ ಸರಿಯಾಗಿ ಕೆಲಸ ಮಾಡುತ್ತಿರುವ ಪುಟವೇ ತಪ್ಪನ್ನು ಹೊತ್ತು ತಿರುಗುತ್ತಿದೆಯೆಂಬುದು ನನ್ನನ್ನು ಬಾಧಿಸುತ್ತದೆ. ಹುಡುಕಿದವರಿಗೆ ಈಗ ಮೈಸೂರಿನ ಚಿತ್ರಕಾರರೊಬ್ಬರು ಸಿಗುತ್ತಾರೆ, ಹೆಸರೂ ಸಿಗುತ್ತದೆ, ಹೆಸರಿನ ಕೆಳಗೆ ಅವರದಲ್ಲದ ತೀರ್ಮಾನ ಸಿಗುತ್ತದೆ. 'ಅಜ್ಞಾತ' ಎಂಬ ಒಕ್ಕಣೆ ಇದಕ್ಕಿಂತ ಗೌರವದ್ದಾಗಿತ್ತು.

ಮೊನ್ನೆ ಬನ್ನಿಮಂಟಪಕ್ಕೆ ಹೋಗಿದ್ದೆ. ಕಲಾವಿದೆ ಪ್ಲಾಸ್ಟಿಕ್ಕಿನೊಳಗೆ ಸೇರಿದ ಇನ್ನೊಂದು ಹಾಳೆಯ ಮೇಲೆ ತೆಳು ಕಾಗದ ಹರಡಿ ಗೆರೆಗಳನ್ನು ತೆಗೆದುಕೊಂಡಿದ್ದರು. ಚುಚ್ಚಲು ಆರಂಭಿಸಿ ಮೂರ್ತಿಯ ಮೊಣಕೈಯವರೆಗೆ ಬಂದು ನಿಲ್ಲಿಸಿದ್ದರು. ನನ್ನ ಜೊತೆ ಬಂದಿದ್ದ ಇಲವಾಲದ ಶಿಕ್ಷಕರು, ಈಗ ಅವರ ಶಿಷ್ಯರು, "ನೆನಪಿರೋ ಅಷ್ಟು ಚುಚ್ಚಿ ಅಮ್ಮಾ, ಮಿಕ್ಕಿದ್ದು ನಿಮ್ ಕೈಗೇ ಗೊತ್ತಿರ್ತದೆ," ಎಂದರು.

"ನನ್ ಕೈಗೆ ನಂದು ಗೊತ್ತು ಕಣಪ್ಪ. ಇಲ್ಲಿ ಅಪ್ಪ ಒಳಕ್ಕೆ ಚುಚ್ಚಿದ್ರೋ ಹೊರಕ್ಕೆ ಚುಚ್ಚಿದ್ರೋ ನಂಗೊತ್ತಿಲ್ಲ. ನಂದು ಹಾಕ್ಬುಟ್ಟು ಅಪ್ಪಂದು ಅಂತ ನಿನ್ ಕೈಗೆ ಹೆಂಗ್ ಕೊಡ್ಲಿ?"

ಸೂಜಿಯನ್ನು ಅವರು ಬಟ್ಟೆಯ ಉಂಡೆಗೆ ಸಿಕ್ಕಿಸಿಟ್ಟರು. ಕಲಿಯುವವರು ಸಿಕ್ಕಿದ್ದಾರೆ. ಕೊಡಬೇಕಾದ ಹಾಳೆಗಳಿಲ್ಲ.

ಸಮಿತಿಯ ಕಚೇರಿ ಹೊಸ ಕಟ್ಟಡಕ್ಕೆ ಹೋಗಲಿದೆ, ಹಳೆಯ ಸಾಮಗ್ರಿಗಳು ವಿಲೇವಾರಿಯಾಗಲಿವೆ ಎಂದು ತಿಳಿದುಬಂದಿದೆ. ಆದ್ದರಿಂದ ಈ ಬರಹವನ್ನೇ ಮನವಿಯೆಂದು ಪರಿಗಣಿಸಬೇಕಾಗಿ ಸಮಿತಿಯ ಅಧ್ಯಕ್ಷರಲ್ಲಿ ಮತ್ತು ಎಲ್ಲ ಸದಸ್ಯರಲ್ಲಿ ಕೋರುತ್ತೇನೆ. ಬೀರುವಿನಲ್ಲಿರುವ ಆ ಸಿ.ಡಿ.ಗಳನ್ನು ಯಾವ ಕಾರಣಕ್ಕೂ ವಿಲೇವಾರಿ ಮಾಡದೆ, ಅವುಗಳ ಪೂರ್ಣ ಪ್ರತಿಯನ್ನು ಕಲಾವಿದೆಯ ಕೈಗೆ ತಲುಪಿಸಬೇಕು. ಚುಕ್ಕಿಗಳನ್ನು ಅಳಿಸಿದ ಚಿತ್ರಗಳನ್ನು ಜಾಲತಾಣದಿಂದ ತೆಗೆದು, ಏಕೆ ತೆಗೆಯಲಾಯಿತೆಂಬುದನ್ನು ಅದೇ ಪುಟದಲ್ಲಿ ಹೇಳಬೇಕು. ಲಿಖಿತ ಷರತ್ತಿನ ಮೇಲೆ ಪಡೆದ ಹಾಳೆಗಳಿಗೆ ಲ್ಯಾಮಿನೇಷನ್ ಮಾಡಿಸಲು ಒಪ್ಪಿಗೆ ಕೊಟ್ಟವರು ಯಾರು, ಕೊಡುವ ಮೊದಲು ಹಾಳೆಗಳ ಒಡತಿಯನ್ನು ಏಕೆ ಕೇಳಲಿಲ್ಲ ಎಂಬುದಕ್ಕೆ ಸಹಿಯುಳ್ಳ ಉತ್ತರ ಕೊಡಬೇಕು. ಉತ್ತರ ನನಗೆ ಬೇಕಿಲ್ಲ, ಅವರಿಗೆ ಕೊಡಿ. ವಯಸ್ಸಾಗಿದ್ದರೂ ಅವರ ಕಣ್ಣಿಗೆ ಸೂಜಿಯ ತುದಿ ಇನ್ನೂ ಕಾಣುತ್ತಿದೆ. ಅದು ಕಾಣುತ್ತಿರುವಾಗಲೇ ಈ ಮನವಿಯ ಮೇಲೆ ಕ್ರಮ ಜರುಗಿಸಬೇಕೆಂದು ಒತ್ತಾಯಿಸುತ್ತೇನೆ.